ಕೊನೆಯ ಚಾಪೆಗೆ ಬಾರದ ಸಮಾಧಾನ

ಜುಂಜಮ್ಮನಿಗೆ ಸಿಟ್ಟು ಬರುವುದು ಹೊಸದೇನಲ್ಲ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಕುರಿ ಕಾಯುವ ಮನೆಗೇ ಸೊಸೆಯಾಗಿ ಬಂದವಳಿಗೆ ಸಿಟ್ಟಿಲ್ಲದಿದ್ದರೆ ದಿನ ಸಾಗುವುದಿಲ್ಲ. ಆದರೆ ದೇವರ ಮನೆಯಲ್ಲಿ, ಅದೂ ಸಮಾಧಾನಕ್ಕೆಂದು ಕೈ ಚಾಚಿಕೊಂಡು ಕೂತಾಗ, ಹಲ್ಲು ಕಡಿಯುವಷ್ಟು ಸಿಟ್ಟು ಬಂದರೆ ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಹೊಸದುರ್ಗದ ಸಂತೆ ಮೈದಾನದ ಹಿಂದೆ, ತೆಂಗಿನ ತೋಟಕ್ಕೆ ಬೆನ್ನು ಹಾಕಿಕೊಂಡು ಕ್ರೈಸ್ತರ ಒಂದು ಹೆಂಚಿನ ಪ್ರಾರ್ಥನಾಲಯವಿತ್ತು. ಗಂಡಸರಿಗೆ ಒಂದು ಕಡೆ ಚಾಪೆ, ಹೆಂಗಸರಿಗೆ ಇನ್ನೊಂದು ಕಡೆ, ನಡುವೆ ಓಡಾಡಲು ದಾರಿ. ವಾರವಾರದ ಪ್ರಾರ್ಥನೆಯನ್ನು ಅಲ್ಲೇ ವಾಸವಿದ್ದ ಉಪದೇಶಿ ಯೋನಪ್ಪ ನಡೆಸುತ್ತಿದ್ದ. ತಿಂಗಳಿಗೊಂದು ಭಾನುವಾರ ಮಾತ್ರ ಚಿತ್ರದುರ್ಗದಿಂದ ಸಭಾಪಾಲಕರಾದ ದೇವದಾನಯ್ಯನವರು ಮೊದಲ ಬಸ್ಸಿಗೆ ಬಂದಿಳಿಯುತ್ತಿದ್ದರು. ಆವತ್ತು ಕರ್ತನ ಭೋಜನ. ಬಿಳಿ ಬಟ್ಟೆ ಹೊದಿಸಿದ ಮೇಜಿನ ಮೇಲೆ ರೊಟ್ಟಿ, ಒಂದೇ ಒಂದು ಬಟ್ಟಲಲ್ಲಿ ದ್ರಾಕ್ಷಿ ರಸ. ಒಣದ್ರಾಕ್ಷಿಯನ್ನು ಕುದಿಸಿ, ಹಿಂಡಿ, ಸೋಸಿ ಆ ರಸ ಮಾಡಿಕೊಂಡು ಬರುವುದು ಜುಂಜಮ್ಮನ ಸೇವೆ. ಬೇರೆ ಯಾರಿಗೂ ಅದನ್ನು ಬಿಟ್ಟುಕೊಟ್ಟವಳಲ್ಲ.

ಭೋಜನಕ್ಕೆ ಮುಂಚೆ ಆ ಸಭೆಯಲ್ಲಿ ಒಂದು ಪದ್ಧತಿ. ಅಯ್ಯನವರು ಮೇಜಿನ ಬಳಿ ನಿಂತು ಉಪದೇಶಿಯ ಬಲ ಅಂಗೈಗೆ ತಮ್ಮ ಬಲ ಅಂಗೈ ಇಟ್ಟು, ಮೇಲೆ ಎಡಗೈ ಮುಚ್ಚಿ, "ದೇವರ ಸಮಾಧಾನ ನಿನ್ನ ಸಂಗಡ ಇರಲಿ" ಎನ್ನುತ್ತಾರೆ. ಉಪದೇಶಿ ಅದನ್ನು ಗಂಡಸರ ಸಾಲಿಗೆ ಕೊಡುತ್ತಾನೆ, ಅವನ ಹೆಂಡತಿ ಹೆಂಗಸರ ಸಾಲಿಗೆ. ಕೈಯಿಂದ ಕೈಗೆ ದಾಟುತ್ತ ಅದು ಕೊನೆಯವರ ತನಕ ಹೋಗಬೇಕು. ಹೋಗಿ ಮುಟ್ಟಿದ ಮೇಲೆಯೇ ಮೇಜಿನ ಬಟ್ಟೆ ತೆಗೆಯುವುದು.

ಹೆಂಗಸರ ಸಾಲಿನ ಕೊನೆಯವಳು ಜುಂಜಮ್ಮ. ಅವಳಿಗಿಂತ ಮುಂದಿನ ಚಾಪೆಯಲ್ಲಿ ಕಂಪೌಂಡರನ ಹೆಂಡತಿ ಜೀವರತ್ನಮ್ಮ. ಅವಳಿಗಿಂತ ಮುಂದೆ ತೆಂಗಿನ ತೋಟದ ವಿಧವೆ ಕರುಣಮ್ಮ. ಈ ಕರುಣಮ್ಮನಿಗೂ ಜೀವರತ್ನಮ್ಮನಿಗೂ ಮಾತು ನಿಂತು ಹೋಗಿತ್ತು. ಸಮಾಧಾನ ಕರುಣಮ್ಮನ ತನಕ ಬರುತ್ತಿತ್ತು, ಅಲ್ಲೇ ಕೂತುಬಿಡುತ್ತಿತ್ತು. ಹಿಂದೆ ಜುಂಜಮ್ಮ ಕೈ ಚಾಚಿಕೊಂಡು ಕಾಯುತ್ತಿದ್ದಳು.

ಜಗಳ ಯಾತಕ್ಕೆ ಅಂತೀರಿ? ಒಂದು ಕುಂಬಳಕಾಯಿಗೆ.

ಎಪ್ಪತ್ನಾಲ್ಕನೇ ಇಸವಿಯ ಅಕ್ಟೋಬರಿನಲ್ಲಿ, ಸಭೆಯ ಸುಗ್ಗಿ ಹಬ್ಬದ ದಿನ. ಹೊಲದ, ತೋಟದ ಮೊದಲ ಫಲವನ್ನು ದೇವರ ಮುಂದೆ ತಂದಿಡುವ ಹಬ್ಬ ಅದು. ಕರುಣಮ್ಮ ಒಂದು ತೆಂಗಿನ ಗೊನೆ ತಂದಿದ್ದಳು. ಗಂಡ ಸಾಯುವ ವರ್ಷ ನೆಟ್ಟ ಸಸಿ ಮೊದಲ ಸಲ ಫಲ ಬಿಟ್ಟಿತ್ತು. ಜೀವರತ್ನಮ್ಮ ಹಿತ್ತಲಲ್ಲಿ ಬೆಳೆದ, ಎರಡು ಕೈಯ ತೆಕ್ಕೆಗೂ ಸಿಗದ ಕುಂಬಳಕಾಯಿ ಹೊರಿಸಿಕೊಂಡು ಬಂದಳು. ಅದನ್ನು ಮೇಜಿನ ನಟ್ಟನಡುವೆ ಇಡಲು ಜಾಗ ಸಾಲಲಿಲ್ಲ. ಗೊನೆಯನ್ನು ಎತ್ತಿ ಮೇಜಿನ ಕೆಳಗೆ ಇಟ್ಟಳು. ಕರುಣಮ್ಮ ಬಂದು ನೋಡಿ, "ನನ್ನ ಗೊನೆ ಎಲ್ಲಿ?" ಎಂದು ಕೇಳಿದರೆ, "ಅಲ್ಲೇ ಕೆಳಗೆ ಐತೆ ನೋಡ್ರಿ, ಉದುರುಗಾಯಿ ಅನ್ಕಂಡೆ" ಎಂದುಬಿಟ್ಟಳು. ಅಷ್ಟೇ. ಅಷ್ಟಕ್ಕೇ ಎರಡು ಮನೆ ಬಾಗಿಲು ಮುಚ್ಚಿಕೊಂಡವು.

ಮುಂದಿನ ತಿಂಗಳು ಅಯ್ಯನವರು ಬಂದರು. ಸಮಾಧಾನ ಹೊರಟಿತು, ಕರುಣಮ್ಮನ ಬಳಿ ನಿಂತಿತು. ಅವಳು ಹಿಂತಿರುಗಿ ನೋಡಲಿಲ್ಲ. ಜೀವರತ್ನಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಯ್ಯನವರು ಕಾದರು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಯಾರೋ ಕೆಮ್ಮಿದರು. ಆಮೇಲೆ ಅಯ್ಯನವರು ತಣ್ಣಗೆ ಹೇಳಿದರು: "ಪಾಪಕ್ಷಮೆ ಉಂಟು ಎಂದು ನಂಬುತ್ತೇವೆ ಅಂತ ಈಗತಾನೆ ಎಲ್ಲರೂ ಎದ್ದು ನಿಂತು ಹೇಳಿದಿರಿ. ಸಭೆ ಒಂದೇ ಅಂತಲೂ ಹೇಳಿದಿರಿ. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗದ ಸಮಾಧಾನ ಇಟ್ಟುಕೊಂಡು ನಾನು ಈ ರೊಟ್ಟಿ ಮುರಿಯಲಾರೆ." ಮೇಜಿನ ಬಟ್ಟೆ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ಅವರು ಮಧ್ಯಾಹ್ನದ ಬಸ್ಸು ಹತ್ತಿ ಹೋದರು.

ಜುಂಜಮ್ಮ ರಸವನ್ನು ಮನೆಗೆ ಹೊತ್ತು ತಂದು ನುಗ್ಗೆ ಗಿಡದ ಬುಡಕ್ಕೆ ಸುರಿದಳು. ಸುರಿಯುವಾಗ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಬೇರೆ ಸಮಯದಲ್ಲಾಗಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಈ ಸಲ ಅವಳ ಗಂಡ ಚಿತ್ತಯ್ಯ ದೀಕ್ಷಾಸ್ನಾನ ಪಡೆದು ಸಭೆ ಸೇರಲು ಒಪ್ಪಿದ್ದ.

ಅದು ಸಣ್ಣ ಮಾತಲ್ಲ. ಜುಂಜಮ್ಮ ಸಭೆ ಸೇರಿದ್ದು ವರ್ಷಗಳ ಹಿಂದೆ. ಬಾಣಂತಿ ಜ್ವರದಲ್ಲಿ ಅವಳು ಎಚ್ಚರ ತಪ್ಪಿ ಮಲಗಿದ್ದಾಗ ಉಪದೇಶಿಯ ಹೆಂಡತಿ ಹಟ್ಟಿಗೆ ಬಂದು, ಕರೆಯದೇ ಬಂದು, ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ್ದಳು. ಅಂದಿನಿಂದ ಜುಂಜಮ್ಮ ಆ ಕಡೆಯವಳಾದಳು. ಚಿತ್ತಯ್ಯ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಭಾನುವಾರ ಹೆಂಡತಿಯನ್ನು ಬಾಗಿಲ ತನಕ ಬಿಟ್ಟು, ಹೊರಗಿನ ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ಕೂರುತ್ತಿದ್ದ. "ಒಳಗೆ ಬಾ" ಎಂದರೆ, "ನಿಮ್ಮೋರು ಹಾಡಾದು ಇಲ್ಲಿಗೂ ಕೇಳ್ತೈತೆ ಬಿಡು" ಎನ್ನುತ್ತಿದ್ದ.

ಹಿಂದಿನ ಬೇಸಿಗೆಯಲ್ಲಿ ಅವನು ಬಂಡೆಯಿಂದ ಜಾರಿ ಕಾಲು ಮುರಿದುಕೊಂಡ. ಕುರಿ ನೋಡುವವರಿಲ್ಲ. ಆಗ ಸಭೆಯವರು ಸರದಿ ಹಾಕಿಕೊಂಡು ಬಂದರು. ತಾಲ್ಲೂಕು ಕಚೇರಿಯ ಜವಾನ ಅಂಜನಪ್ಪ ಬಂದ. ಕರುಣಮ್ಮ ಬಂದಳು. ಉಪದೇಶಿ ಯೋನಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಛತ್ರಿ ಹಿಡಿದು, "ಏ ಬನ್ನಿ, ಬನ್ನಿ" ಎಂದು ಕುರಿಗಳನ್ನು ಬಹುವಚನದಲ್ಲಿ ಮಾತಾಡಿಸುತ್ತ ಗುಡ್ಡವೆಲ್ಲ ಓಡಿದ. ಕುರಿಗಳು ಅವನನ್ನು ಕ್ಯಾರೆ ಅನ್ನಲಿಲ್ಲ. ಎರಡು ಮರಿ ಕಳೆದು ಹೋದವು. ಚಿತ್ತಯ್ಯ ಮಂಚದ ಮೇಲೆ ಮಲಗಿಕೊಂಡು ಬೈದ, ನಕ್ಕ, ಕೊನೆಗೆ ಸುಮ್ಮನಾದ. ಕಾಲು ನೆಟ್ಟಗಾದ ಮೇಲೆ ಒಂದು ಸಂಜೆ, "ನಿಮ್ಮೋರು ಬಾಯಲ್ಲಿ ಹೇಳಿದ್ದನ್ನ ಮೈಬಗ್ಗಿಸಿ ಮಾಡ್ತಾರೆ ಕಣೇ. ನಾನೂ ನೀರು ಹಾಕಿಸ್ಕಂತೀನಿ" ಎಂದ. ಜುಂಜಮ್ಮನ ಕೈಯಲ್ಲಿದ್ದ ಮುದ್ದೆಯ ಕೋಲು ಹಾಗೇ ನಿಂತಿತು.

ದೀಕ್ಷಾಸ್ನಾನ ಆದವನು ಅಂದೇ ಮೇಜಿಗೂ ಬರಬೇಕು, ನೀರಿನಿಂದ ನೇರ ರೊಟ್ಟಿಗೆ, ಇದು ಅಯ್ಯನವರ ಪಟ್ಟು. ಮೇಜೇ ಇಲ್ಲದ ಮೇಲೆ ಸ್ನಾನ ಎಲ್ಲಿಯದು? ಸಂಕ್ರಾಂತಿ ಕಳೆಯುತ್ತಲೇ ಚಿತ್ತಯ್ಯ ಹಿಂಡು ಹೊಡೆದುಕೊಂಡು ಮೇವು ಹುಡುಕುತ್ತ ಹೊರಡುವವನು. ಮತ್ತೆ ಬರುವುದು ಮುಂಗಾರಿಗೆ. ಅಷ್ಟರಲ್ಲಿ ಅವನ ಮನಸ್ಸು ಎಲ್ಲಿಗೆ ತಿರುಗುತ್ತದೋ ಬಲ್ಲವರಾರು. ಆಗಲೇ ಅವನ ಮಾತಿನ ಧಾಟಿ ಬದಲಾಗಿತ್ತು. ಕ್ರಿಸ್ಮಸ್ಸಿನ ಮುಂಚೆ ಅಯ್ಯನವರು ಬಂದಾಗಲೂ ಸಮಾಧಾನ ಕರುಣಮ್ಮನ ಮಡಿಲಲ್ಲೇ ಕೂತಿತು. ಮನೆಗೆ ಹೋಗುವ ದಾರಿಯಲ್ಲಿ ಚಿತ್ತಯ್ಯ ಕೇಳಿದ: "ಅಲ್ಲ, ನನ್ನ ಕುರಿ ಕಾಯಾಕೆ ಬಿಸಿಲಲ್ಲಿ ಬಂದೋರು, ಒಂದು ಕುಂಬಳಕಾಯಿ ನುಂಗಾಕೆ ಆಗಾದಿಲ್ವಾ?"

ಜುಂಜಮ್ಮ ತಲೆ ತಗ್ಗಿಸಿ ಬಿರಬಿರನೆ ಮುಂದೆ ನಡೆದಳು. ಮಾನ ಹೋದಂತಾಯಿತು.

ಅವಳು ಸುಮ್ಮನೆ ಕೂರುವವಳಲ್ಲ. ಮೊದಲು ಉಪದೇಶಿಯ ಬಳಿ ಹೋಗಿ, "ಚಾಪೆ ಅದಲು ಬದಲು ಮಾಡ್ರಿ. ಅವರಿಬ್ಬರ ನಡುವೆ ನಾನು ಕುಂತ್ಕಂತೀನಿ" ಎಂದಳು. ಯೋನಪ್ಪ ತಲೆ ಕೆರೆದುಕೊಂಡ. ಜೀವರತ್ನಮ್ಮನದು ಅವಳ ಅತ್ತೆ ಕೂರುತ್ತಿದ್ದ ಜಾಗ, ಪ್ರಾಣ ಹೋದರೂ ಏಳುವುದಿಲ್ಲ. ಕರುಣಮ್ಮನಿಗೆ ಅಲ್ಲಿಂದಲೇ ಅಯ್ಯನವರ ಮಾತು ಕೇಳಿಸುವುದು. ಅಯ್ಯನವರ ಕಿವಿಗೂ ಈ ಉಪಾಯ ಬಿತ್ತು. "ಹಳ್ಳ ಐತೆ ಅಂತ ಗೊತ್ತಾದ ಮೇಲೆ ಸುತ್ತಿ ಹೋಗೋದಲ್ಲಮ್ಮ, ದಾಟಬೇಕು" ಎಂದು ಹೇಳಿ ಕಳಿಸಿದರು. ಹೇಳುವುದು ಸುಲಭ. ಅವರು ಬಸ್ಸು ಹತ್ತಿ ಹೋಗುವವರು.

ಆಮೇಲೆ ಜುಂಜಮ್ಮ ಒಂದು ಕೆಲಸ ಮಾಡಿದಳು. ಮಾಡಬಾರದ ಕೆಲಸ ಎಂದು ಅವಳಿಗೂ ಗೊತ್ತಿತ್ತು. ಆದರೆ ಬೇರೆ ದಾರಿ ಯಾವುದಿದೆ ಎಂದು ತನ್ನನ್ನು ತಾನೇ ಕೇಳಿಕೊಂಡು, ಉತ್ತರ ಬರುವ ಮುಂಚೆಯೇ ಹೊರಟಳು.

ಕರುಣಮ್ಮ ತೋಟದಲ್ಲಿ ಗರಿ ಸೀಳುತ್ತ ಕೂತಿದ್ದಳು. "ಜೀವರತ್ನಮ್ಮ ಬಾಳ ನೊಂದ್ಕಂಡವ್ಳೆ ಕಣಕ್ಕ" ಎಂದು ಜುಂಜಮ್ಮ ಶುರು ಮಾಡಿದಳು. "ನಂದೇ ತಪ್ಪು, ಎದುರಿಗೆ ಸಿಕ್ಕರೆ ಕ್ಷಮಿಸು ಅಂತ ಕೇಳ್ತೀನಿ ಅಂದ್ಲು. ಬಾಯಿ ಬರ್ತಿಲ್ಲ ಅಷ್ಟೇ." ಕರುಣಮ್ಮನ ಕತ್ತಿ ಅರೆಗಳಿಗೆ ನಿಂತಿತು. "ಹಂಗಂದ್ಲಾ?" ಎಂದಳು. ಅವಳ ಮುಖ ಸಡಿಲಾದದ್ದು ಕಂಡು ಜುಂಜಮ್ಮ ಬೇರೆ ಕಡೆ ನೋಡಿದಳು. ಆದರೂ ಅಲ್ಲಿಂದ ನೇರ ಜೀವರತ್ನಮ್ಮನ ಮನೆಗೆ ಹೋಗಿ, ಅದೇ ಮಾತನ್ನು ಕರುಣಮ್ಮನ ಹೆಸರಿಗೆ ಕಟ್ಟಿ ಹೇಳಿದಳು. ಜೀವರತ್ನಮ್ಮ ಕಾಫಿ ಕೊಟ್ಟಳು, ನೆಂಟರಿಗೆ ಕೊಡುವ ಸ್ಟೀಲಿನ ಲೋಟದಲ್ಲಿ. "ಅವಳಾಗೇ ಬಂದ್ರೆ ನಾನೇನು ಕಲ್ಲಲ್ಲ" ಎಂದಳು.

ಸಂತೆಯ ದಿನ ಇಬ್ಬರೂ ಮೆಣಸಿನಕಾಯಿ ಸಾಲಿನಲ್ಲಿ ಎದುರಾದರು. ಜುಂಜಮ್ಮ ಸ್ವಲ್ಪ ದೂರದಲ್ಲಿ ಉಣ್ಣೆ ಮಾರುತ್ತ ಕೂತಿದ್ದವಳು ಉಸಿರು ಬಿಗಿಹಿಡಿದು ನೋಡಿದಳು. ಕರುಣಮ್ಮ ನಿಂತಳು, ಕ್ಷಮಾಪಣೆ ಬರಲಿ ಎಂದು. ಜೀವರತ್ನಮ್ಮ ನಿಂತಳು, ಅದೇ ಬರಲಿ ಎಂದು. ಇಬ್ಬರೂ ದೊಡ್ಡ ಮನಸ್ಸಿನ ಮುಖ ಮಾಡಿಕೊಂಡು ಕಾದರು.

"ಏನೋ ಹೇಳ್ಬೇಕು ಅಂದ್ಯಂತೆ?" ಎಂದಳು ಕರುಣಮ್ಮ.

"ನಾನಾ? ನೀನು ಹೇಳ್ಬೇಕು ಅಂದಿದ್ದು."

"ತಪ್ಪು ಮಾಡ್ದೋಳು ನೀನು, ಹೇಳಾದು ನಾನಾ?"

ಮುಂದೆ ಏನಾಯಿತೆಂದು ಇಡೀ ಸಂತೆ ಕೇಳಿಸಿಕೊಂಡಿತು. ಕುಂಬಳಕಾಯಿ, ಗೊನೆ, ಸತ್ತ ಗಂಡ, ಬದುಕಿರುವ ಗಂಡ, ಯಾರನ್ನೂ ಬಿಡಲಿಲ್ಲ. ಕೊನೆಗೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಇಬ್ಬರೂ ತಿರುಗಿ ಉಣ್ಣೆ ಗಂಟಿನ ಹಿಂದೆ ಮುದುಡಿ ಕೂತಿದ್ದವಳನ್ನು ನೋಡಿದರು. ಜೀವರತ್ನಮ್ಮ ಹತ್ತಿರ ಬಂದಳು. ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸೀರೆ ತುಂಬ ಕುರಿ ವಾಸನೆ ಹೊತ್ಕಂಡು ಹಿಂದೆ ಕುಂತೋಳು ನೀನು. ನಮಗೆ ಸಮಾಧಾನ ಮಾಡಿಸಾಕೆ ಬಂದ್ಯಾ, ಸುಳ್ಳು ಹೇಳಿ?"

ಜುಂಜಮ್ಮನಿಗೆ 'ಸುಳ್ಳು' ಎಂಬುದು ಕೇಳಿಸಲೇ ಇಲ್ಲ. ಕುರಿ ವಾಸನೆ ಎಂಬುದೊಂದೇ ಕೇಳಿಸಿತು. ಇಷ್ಟು ವರ್ಷ ತನ್ನ ಮುಂದೆಯೇ ಕೂತು ಹಾಡಿದವಳು, ಮನಸ್ಸಿನೊಳಗೆ ಇದನ್ನು ಇಟ್ಟುಕೊಂಡಿದ್ದಳೇ? ಆ ದಿನ ಜುಂಜಮ್ಮ ಉಣ್ಣೆಯನ್ನು ಅರ್ಧ ಬೆಲೆಗೆ ಕೊಟ್ಟು ಮನೆಗೆ ಬಂದಳು. ಆ ಹೆಂಗಸಿನ ಜೊತೆ ಜನ್ಮದಲ್ಲಿ ಮಾತಾಡುವುದಿಲ್ಲ ಎಂದು ಒಲೆಯ ಮುಂದೆ ಕೂತು ತೀರ್ಮಾನ ಮಾಡಿದಳು. ಸಭೆ ಬಿಡುವುದಿಲ್ಲ, ರಸ ಮಾಡುವುದು ಬಿಡುವುದಿಲ್ಲ. ಅವಳ ಜೊತೆ ಮಾತು ಮಾತ್ರ ಇಲ್ಲ.

ಜನವರಿಯ ಆ ಭಾನುವಾರ ಬಂತು. ಮಾರನೆಯ ಬೆಳಗ್ಗೆ ಹಿಂಡು ಹೊರಡಬೇಕು. ಕಂಬಳಿ, ಬುತ್ತಿ ಚೀಲ, ನೀರಿನ ಬುರುಡೆ ಎಲ್ಲ ಬಾಗಿಲ ಬಳಿ ಸಿದ್ಧವಾಗಿದ್ದವು. ಚಿತ್ತಯ್ಯ ತೊಳೆದ ಬಿಳಿ ಪಂಚೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಬೀಡಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ದಾರಿಯಲ್ಲಿ ಅವನು ಹೇಳಿದ್ದು ಒಂದೇ ಮಾತು: "ಇವತ್ತೂ ಆಗ್ಲಿಲ್ಲ ಅಂದ್ರೆ ಇನ್ನೊಂದು ಸಲ ನನ್ನ ಕೇಳಬ್ಯಾಡ." ಜುಂಜಮ್ಮ ರಸದ ಸೀಸೆಯನ್ನು ಎದೆಗವಚಿಕೊಂಡು ಅವನ ಹಿಂದೆ ನಡೆದಳು.

ಅವನು ಮೊದಲ ಸಲ ಒಳಗೆ ಕೂತ. ಗಂಡಸರ ಸಾಲಿನ ತೀರಾ ಕೊನೆಯಲ್ಲಿ, ಬಾಗಿಲ ಪಕ್ಕ, ಅಂಜನಪ್ಪನ ಹಿಂದೆ. ನಡುವಿನ ದಾರಿಯ ಆಚೆಗೆ ಜುಂಜಮ್ಮನ ಚಾಪೆ.

ಹಾಡು ಮುಗಿಯಿತು. ಓದು ಮುಗಿಯಿತು. ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳಿದರು. ಪಾಪಕ್ಷಮೆಯ ಮಾತು ಬಂದಾಗ ಜೀವರತ್ನಮ್ಮನ ದನಿ ಎಲ್ಲರಿಗಿಂತ ಮೇಲೆ ಕೇಳಿತು. ಜುಂಜಮ್ಮ ಅವಳ ಜಡೆಯನ್ನೇ ಕೆಕ್ಕರಿಸಿ ನೋಡಿದಳು.

ಸಮಾಧಾನ ಹೊರಟಿತು. ಹೆಂಗಸರ ಸಾಲಿನಲ್ಲಿ ಸರಸರನೆ ಬಂದು ಕರುಣಮ್ಮನ ಕೈ ಸೇರಿತು. ಅಲ್ಲೇ ನಿಂತಿತು. ಕರುಣಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮೇಜಿನ ಕಡೆ ನೋಡಿದಳು. ಜೀವರತ್ನಮ್ಮ ಸೆರಗು ಸರಿಮಾಡಿಕೊಂಡಳು. ಅಯ್ಯನವರು ಕಣ್ಣು ಮುಚ್ಚಿಕೊಂಡರು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡಳು ಜುಂಜಮ್ಮ. ಕಣ್ಣಲ್ಲಿ ನೀರು ಬಂತು, ಅದೂ ಸಿಟ್ಟಿನದೇ.

ಗಂಡಸರ ಸಾಲಿನಲ್ಲಿ ಅದು ಕೊನೆಗೆ ಬಂದಿತ್ತು. ಅಲ್ಲಿ ಯಾವಾಗಲೂ ಅಂಜನಪ್ಪನೇ ಕೊನೆಯವನು. ಇವತ್ತು ಹಿಂದೆ ಯಾರೋ ಕೂತಿದ್ದಾರೆ ಎಂದು ಕಂಡು, ತಿರುಗಿ ಚಿತ್ತಯ್ಯನ ಕೈ ಹಿಡಿದು, "ದೇವರ ಸಮಾಧಾನ ನಿನ್ನ ಸಂಗಡ ಇರಲಿ" ಎಂದುಬಿಟ್ಟ. ಕೊಟ್ಟ ಮೇಲೆ ಅವನಿಗೆ ನೆನಪಾಯಿತು, ಇವನಿಗಿನ್ನೂ ಸ್ನಾನ ಆಗಿಲ್ಲವೆಂದು. ನಾಲಗೆ ಕಚ್ಚಿಕೊಂಡ.

ಚಿತ್ತಯ್ಯನಿಗೆ ಇದೇನೂ ಗೊತ್ತಿಲ್ಲ. ಗಂಡಸರದು ಗಂಡಸರಲ್ಲೇ ನಿಲ್ಲುತ್ತದೆ, ಹೆಂಗಸರದು ಹೆಂಗಸರಲ್ಲೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊಟ್ಟಿದ್ದಾರೆ, ಮುಂದಕ್ಕೆ ಕೊಡಬೇಕು, ಅಷ್ಟು ಮಾತ್ರ ತಿಳಿದಿತ್ತು. ಹಿಂದೆ ನೋಡಿದ. ಗೋಡೆ. ಪಕ್ಕಕ್ಕೆ ನೋಡಿದ. ದಾರಿಯ ಆಚೆ ಹೆಂಡತಿ ಬರಿಗೈಯಲ್ಲಿ ಕೂತಿದ್ದಳು. ಎದ್ದ. ನಾಲ್ಕು ಹೆಜ್ಜೆಗೆ ದಾರಿ ದಾಟಿದ. ತುಂಬಿದ ಸಭೆಯಲ್ಲಿ, ಎಲ್ಲರ ಎದುರಿಗೆ, ಹೆಂಡತಿಯ ಮುಂದೆ ಮೊಣಕಾಲೂರಿ ಕೂತು ಅವಳ ಕೈ ಹಿಡಿದ.

"ದೇವರ ಸಮಾಧಾನ ನಿನ್ನ ಸಂಗಡ ಇರ್ಲಿ ಕಣೇ" ಎಂದ.

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಉಪದೇಶಿಯ ಹೆಂಡತಿ ನಕ್ಕೇಬಿಟ್ಟಳು. ಜುಂಜಮ್ಮನ ಮೈಯೆಲ್ಲ ಬಿಸಿಯಾಯಿತು. ಇಷ್ಟು ದಿನ ಮುಂದಿನಿಂದ ಬಾರದ್ದು ಹಿಂದಿನಿಂದ ಬಂದಿತ್ತು, ಅದೂ ಇನ್ನೂ ನೀರು ಮುಟ್ಟದ ಈ ಮನುಷ್ಯನ ಒರಟು ಕೈಯಿಂದ. ಅವಳು ಅಯ್ಯನವರನ್ನು ನೋಡಿದಳು. ಅಯ್ಯನವರು ಕಣ್ಣು ತೆರೆದಿದ್ದರು. ಬೈಯಲಿಲ್ಲ, ತಡೆಯಲಿಲ್ಲ. ಗಡ್ಡ ಸ್ವಲ್ಪ ಎತ್ತಿ, ಮುಂದಕ್ಕೆ, ಎಂಬಂತೆ ಸನ್ನೆ ಮಾಡಿದರು.

ಮುಂದಕ್ಕೆ ಎಂದರೆ ಜೀವರತ್ನಮ್ಮ.

ಆ ಬೆನ್ನು ಅವಳಿಗೆ ಚೆನ್ನಾಗಿ ಗೊತ್ತು. ರವಿಕೆಯ ಹೊಲಿಗೆಯೂ ಗೊತ್ತು. ಈಗ ಸಮಾಧಾನ ಜುಂಜಮ್ಮನ ಕೈಯಲ್ಲೇ ಇತ್ತು, ಮುಂದಕ್ಕೆ ಹೋಗಲು ಒಂದು ಮೊಳ ದೂರ. ಕೈ ಎತ್ತಬೇಕೆಂದುಕೊಂಡಳು. ಏಳಲಿಲ್ಲ. ಕುರಿ ವಾಸನೆ, ಎಂದಿತು ಮನಸ್ಸು. ಹಿಂದೆ ಕುಂತೋಳು, ಎಂದಿತು. ಅವಳೇ ತಿರುಗಿ ಕೇಳಲಿ, ಎಂದಿತು. ಇಷ್ಟು ದಿನ ಕರುಣಮ್ಮನ ಮಡಿಲಿನ ಕೈಗಳನ್ನು ನೋಡಿ ಹಲ್ಲು ಕಡಿದವಳು, ಈಗ ತನ್ನ ಕೈಗಳೂ ಅದೇ ರೀತಿ ಮಡಿಲಿಗೆ ಬಂದು ಕೂತದ್ದನ್ನು ನೋಡಲಿಲ್ಲ. ನೋಡಿದ್ದು ಚಿತ್ತಯ್ಯ.

"ನೀನೂ ಅಷ್ಟೇನಾ?" ಎಂದ.

ಮೆಲ್ಲಗೆ ಹೇಳಬೇಕೆಂದೇ ಹೇಳಿದ್ದು. ಆದರೆ ಗುಡ್ಡದಿಂದ ಗುಡ್ಡಕ್ಕೆ ಕೂಗಿ ಬೆಳೆದ ಗಂಟಲು. ಮೇಜಿನ ತನಕ ಕೇಳಿತು.

ಜುಂಜಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಿರುಗಿ ಅವನಿಗೆ ನಾಲ್ಕು ಮಾತು ಅನ್ನಬೇಕೆನಿಸಿತು. ಅವಳು ಅಂದ ಮಾತು ನಿನಗೇನು ಗೊತ್ತು, ನಿನಗಾಗಿಯೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು, ಸುಳ್ಳನ್ನೂ ಹೇಳಿದ್ದು. ಸುಳ್ಳು ಎಂಬಲ್ಲಿಗೆ ಬಂದು ಮನಸ್ಸು ನಿಂತಿತು. ಸಂತೆಯಲ್ಲಿ ಕೇಳಿಸದ ಮಾತು ಈಗ ಕೇಳಿಸಿತು. ಕರುಣಮ್ಮನ ಮುಖ ಸಡಿಲಾದದ್ದು ನೆನಪಾಯಿತು, ಆ ಸ್ಟೀಲಿನ ಲೋಟದ ಕಾಫಿಯೂ.

ಅವಳು ಜೀವರತ್ನಮ್ಮನ ಭುಜ ಮುಟ್ಟಿದಳು. ಮುಟ್ಟಿದಳು ಅನ್ನುವುದಕ್ಕಿಂತ ಕುಕ್ಕಿದಳು ಅನ್ನಬೇಕು. ಪ್ರೀತಿ ಗೀತಿ ಏನೂ ಇರಲಿಲ್ಲ.

"ತಿರುಗ್ರಿ ಈ ಕಡೆ. ನಾನು ಸುಳ್ಳು ಹೇಳಿದ್ದು ತಪ್ಪು. ನೀವಂದಿದ್ದೂ ತಪ್ಪು. ತಗಳ್ರಿ, ದೇವರ ಸಮಾಧಾನ."

ಜೀವರತ್ನಮ್ಮ ತಿರುಗಿದಳು. ಅವಳ ಕಣ್ಣು ಕೆಂಪಾಗಿತ್ತು. ಕೈ ತಣ್ಣಗೆ, ಬೆವರಿ ಒದ್ದೆಯಾಗಿತ್ತು. ಇಷ್ಟು ದಿನ ಈ ಬೆನ್ನಿನ ಆಚೆ ಇಂಥ ಕೈ ಇತ್ತೆಂದು ಜುಂಜಮ್ಮನಿಗೆ ಅನ್ನಿಸಿರಲೇ ಇಲ್ಲ. ಅವಳು ಬಿಡಿಸಿಕೊಳ್ಳಲು ಹೋದರೆ ಜೀವರತ್ನಮ್ಮ ಬಿಡಲಿಲ್ಲ. ಆಮೇಲೆ ಬಿಟ್ಟಳು. ಮುಂದೆ ಕರುಣಮ್ಮನ ಕಡೆ ತಿರುಗಿ, ನೆಲ ನೋಡುತ್ತ, ಯಾರಿಗೂ ಕೇಳದ ಹಾಗೆ ಏನೋ ಹೇಳಿದಳು. "ಗೊನೆ" ಎಂಬುದು ಮಾತ್ರ ಹಿಂದಕ್ಕೆ ಕೇಳಿಸಿತು. ಕರುಣಮ್ಮ ತಡ ಮಾಡಿದಳು. ಇನ್ನೂ ತಡ ಮಾಡಿದಳು. ಬಿಸಿ ಹಂಚು ಮುಟ್ಟಿದಂತೆ ಒಂದು ಸಲ ಕೈ ತಾಕಿಸಿ ಹಿಂದಕ್ಕೆ ಎಳೆದುಕೊಂಡಳು, ಮತ್ತೆ ತಾನಾಗಿಯೇ ಚಾಚಿದಳು.

ಸಭೆ ಉಸಿರು ಬಿಟ್ಟಿತು. ಅಯ್ಯನವರು ಕನ್ನಡಕ ಒರೆಸಿಕೊಂಡು, ದೀಕ್ಷಾಸ್ನಾನಕ್ಕೆಂದು ಇಟ್ಟಿದ್ದ ನೀರಿನ ಬೋಗುಣಿಯ ಬಳಿ ಬಂದು, "ಚಿತ್ತಯ್ಯ, ಬಾರಪ್ಪ" ಎಂದು ಕರೆದರು.

ಜುಂಜಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅವನು ಎದ್ದು ಮುಂದೆ ಹೋದ. ಬೋಗುಣಿಯನ್ನು ನೋಡಿದ. ಬಟ್ಟೆ ಮುಚ್ಚಿದ ಮೇಜನ್ನು ನೋಡಿದ.

"ಅಯ್ಯನೋರೇ, ಒಂದು ಮಾತು ಕೇಳ್ಲಾ? ಈಗ ಇವರು ಮಾಡಿದ್ರಲ್ಲ, ಅದನ್ನ ನಾನೂ ಮಾಡ್ಬೇಕಾ?"

"ಪ್ರತಿ ಸಲವೂ."

"ಯಾರ ಸಂಗಡ ಮಾತಿಲ್ವೋ ಅವರ ಸಂಗಡನೂ?"

"ಅವರ ಸಂಗಡವೇ ಮೊದಲು."

ಚಿತ್ತಯ್ಯ ತಲೆಗೂದಲಿಗೆ ಹಚ್ಚಿದ ಎಣ್ಣೆಯನ್ನು ಅಂಗೈಯಿಂದ ಒರೆಸಿಕೊಂಡ. "ಹಂಗಾದ್ರೆ ಇವತ್ತು ಬ್ಯಾಡ್ರಿ" ಎಂದ. "ತಾಳ್ಯದಾಗೆ ನಮ್ಮಣ್ಣ ಮುದ್ದಪ್ಪ ಅವ್ನೆ. ಕುರಿ ಪಾಲಾದಾಗ ಒಂದು ಟಗರಿಗೆ ಜಗಳಾಡಿ ಬಿಟ್ಟೋನು, ಇವತ್ತಿಗೂ ಅವನ ಮುಖ ನೋಡಿಲ್ಲ. ನೀವು ಕೇಳಿದ್ದಕ್ಕೆಲ್ಲ ಹೂಂ ಅಂತೀನಿ. ಆದ್ರೆ ಈ ಕೈ ಹೂಂ ಅನ್ನಲ್ಲ. ಮೊದಲು ಅಲ್ಲಿಗೆ ಹೋಗಿ ಬರ್ತೀನಿ."

ಅಷ್ಟು ಹೇಳಿ, ಕೈ ಮುಗಿದು, ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದ. ಬೋಗುಣಿಯ ಪಕ್ಕ ಅಯ್ಯನವರು ನಿಂತೇ ಇದ್ದರು.

ಜುಂಜಮ್ಮನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇಷ್ಟು ತಿಂಗಳ ಓಡಾಟ, ಸುಳ್ಳು, ಬೈಗುಳ, ನುಗ್ಗೆ ಬುಡಕ್ಕೆ ಸುರಿದ ರಸ. ಕೊನೆಗೆ ಎಲ್ಲ ಸರಿಹೋದ ಗಳಿಗೆಯಲ್ಲಿ ಈ ಮನುಷ್ಯನಿಗೆ ಟಗರು ನೆನಪಾಗಬೇಕೇ? ಅವಳು ಎದ್ದು ಹಿಂದೆಯೇ ಓಡಿದಳು. ಬೇವಿನ ಮರದ ಬಳಿ ಹಿಡಿದಳು.

"ನಾಳೆ ಕುರಿ ಹೊರಡ್ಬೇಕು, ತಾಳ್ಯಕ್ಕೆ ಈಗ ಹೋಗ್ತೀಯಾ? ಬುದ್ಧಿ ಐತಾ ನಿಂಗೆ?"

"ಹೊಳಲ್ಕೆರೆ ಬಸ್ಸು ಇನ್ನೂ ಹೋಗಿಲ್ಲ. ಕುರಿನ ಒಂದೆರಡು ದಿನ ಉಪದೇಶಿಗೆ ಹೇಳು."

"ಆ ಮುದ್ದಪ್ಪ ನಿನ್ನ ಮಾತಾಡಿಸ್ತಾನಾ? ಕೈ ಚಾಚಿದ್ರೆ ಹೊಡೆದು ಕಳಿಸ್ತಾನೆ."

ಚಿತ್ತಯ್ಯ ಕೆನ್ನೆ ಸವರಿಕೊಂಡ. ಅಣ್ಣನ ಕೈಯ ಬಲ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಹೊಡೀಲಿ ಬಿಡು" ಎಂದ. "ಅವನ ಕೈ ನನ್ನ ಮುಟ್ಟಿದಂಗಾದ್ರೂ ಆಗ್ತೈತಲ್ಲ."

ಅವನು ಬಿಳಿ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಸಂತೆ ಮೈದಾನ ದಾಟಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಕಾಲಿನ ಕುಂಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವನು ಮರೆಯಾಗುವ ತನಕ ಅವಳು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು.

ಉಪದೇಶಿ ಯೋನಪ್ಪ ಅವಳ ಕಣ್ಣು ತಪ್ಪಿಸಿ ಹಾಡಿನ ಪುಸ್ತಕ ನೋಡತೊಡಗಿದ. ಕುರಿಯ ಸುದ್ದಿ ಅವನಿಗೆ ಆಗಲೇ ಕಿಟಕಿಯಿಂದ ಕೇಳಿಸಿತ್ತು. ಜುಂಜಮ್ಮ ತನ್ನ ಚಾಪೆಗೆ ಬಂದಳು. ಜೀವರತ್ನಮ್ಮ ಅತ್ತೆಯ ಜಾಗ ಬಿಟ್ಟು ಸ್ವಲ್ಪ ಹಿಂದಕ್ಕೆ ಸರಿದು, ಅವಳ ಪಕ್ಕಕ್ಕೇ ಕೂತಿದ್ದಳು. ಜುಂಜಮ್ಮ ನೋಡಿಯೂ ನೋಡದವಳಂತೆ ಕೂತಳು.

ಅಯ್ಯನವರು ಮೇಜಿನ ಬಟ್ಟೆ ತೆಗೆದರು. ರೊಟ್ಟಿ ಮುರಿದರು. ಬಟ್ಟಲು ಸಾಲಿನುದ್ದಕ್ಕೂ ಬಂತು, ಕರುಣಮ್ಮನ ನಂತರ ಜೀವರತ್ನಮ್ಮ, ಆಮೇಲೆ ಜುಂಜಮ್ಮ. ಎರಡು ದಿನ ಮುಂಚೆಯೇ ಆಸೆಯಿಂದ ಕುದಿಸಿಟ್ಟ ರಸ ಸ್ವಲ್ಪ ಹುಳಿಗೆ ತಿರುಗಿತ್ತು. ಅವಳು ಕುಡಿದಳು.